ಹಲ್ಲು, ಕಡಲೆ ಮತ್ತು ಕಡಲಾಚೆಯ ಪಯಣ

ಕಳೆದ ವರ್ಷದ ವೈಶಾಖ ಮಾಸದಲ್ಲಿ ಸೋಮವಾರಪೇಟೆಯ ಸಮೀಪದ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಕಾಫಿಯ ಹೂ ಉದುರಿ ಎಳೆಗಾಯಿ ಕಚ್ಚುವ ಕಾಲ. ಪೂಜೆ, ಪ್ರಸಾದ ಮುಗಿದ ಮೇಲೆ ಜಗಲಿಯಲ್ಲಿ ಕುಳಿತಿದ್ದಾಗ ತಟ್ಟೆಗಳಲ್ಲಿ ಕೋಡುಬಳೆ, ಹುರಿಗಡಲೆ, ಕೊಬ್ಬರಿಯ ಚೂರು ಬಂದವು. ಎಪ್ಪತ್ತು ದಾಟಿದ ಆ ಮನೆಯ ತಾಯಿಯವರು ತಮ್ಮ ಪಾಲಿನ ಕೋಡುಬಳೆಯನ್ನು ಮೊಮ್ಮಗಳ ಕೈಗಿತ್ತು, "ನನಗೆ ಇದೆಲ್ಲ ಸೇರುವುದಿಲ್ಲ ಕಣವ್ವ, ನೀನು ತಿನ್ನು" ಎಂದರು. ಸೇರುವುದಿಲ್ಲವೆಂಬುದು ನಿಜವಲ್ಲ. ಆ ತಾಯಿಯ ಬಾಯಲ್ಲಿ ಉಳಿದಿದ್ದುದು ಕೆಳಗಿನ ಸಾಲಿನ ನಾಲ್ಕು ಮುಂಬಲ್ಲುಗಳು ಮಾತ್ರ.

ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಅವರ ಮಗನೂ ತಟ್ಟೆಯನ್ನು ಮುಟ್ಟದೆ ಕುಳಿತಿದ್ದರು. ಅಮೆರಿಕದಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ಅವರು ಮೂರು ವಾರಗಳ ರಜೆಯ ಮೇಲೆ ಬಂದವರು. ಅದರಲ್ಲಿ ಒಂದು ವಾರವನ್ನು ಮಹಾನಗರವೊಂದರ ದಂತ ಚಿಕಿತ್ಸಾಲಯದಲ್ಲಿಯೇ ಕಳೆದು, ದವಡೆಯಲ್ಲಿ ಎರಡು ಇಂಪ್ಲಾಂಟುಗಳನ್ನು ಕೂರಿಸಿಕೊಂಡು ಊರಿಗೆ ಬಂದಿದ್ದರು. ಗಟ್ಟಿಯಾದುದನ್ನು ಕಡಿಯಬಾರದೆಂದು ವೈದ್ಯರ ಅಪ್ಪಣೆ. ಹೀಗಾಗಿ ಅಂದು ತಾಯಿಗೂ ಮಗನಿಗೂ ಒಂದೇ ಪಥ್ಯ, ಮೊಸರನ್ನ. ಮಗ ತನ್ನ ಬಾಯಿಗಾಗಿ ಸಪ್ತಸಾಗರ ದಾಟಿ ಬಂದಿದ್ದರು. ತಾಯಿ ಆರು ವರ್ಷಗಳಿಂದ ಅಂಗಳದಾಚೆ ಹೋಗಿರಲಿಲ್ಲ. ಈ ಅಂತರವನ್ನು ಆ ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ನಮ್ಮ ಮನೆಯಲ್ಲಿಯಾದರೂ ಗಮನಿಸಿದ್ದೆವೆಂದು ಎದೆ ಮುಟ್ಟಿ ಹೇಳಲಾರೆವು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ಯಾವ ಯಾವುದಕ್ಕೋ ಅನ್ವಯಿಸುತ್ತೇವೆ. ಆ ದಿನ ಅದರ ನೇರವಾದ ಅರ್ಥವೇ ನಮ್ಮ ಮುಂದೆ ಕುಳಿತಿತ್ತು.

ಮಗನನ್ನು ಕೇಳಿದೆವು, ಅಷ್ಟು ದೊಡ್ಡ ದೇಶದಲ್ಲಿ ಒಬ್ಬ ಹಲ್ಲಿನ ವೈದ್ಯನಿಲ್ಲವೇ ಎಂದು. ಅವರು ನಕ್ಕು ಲೆಕ್ಕ ಹೇಳಿದರು. ಅಲ್ಲಿ ಒಂದು ಇಂಪ್ಲಾಂಟಿಗೆ, ಅದರ ಮೇಲಿನ ಕ್ಯಾಪು ಸೇರಿ, ಸಾಮಾನ್ಯವಾಗಿ ಮೂರರಿಂದ ಐದು ಸಾವಿರ ಡಾಲರು. ನಮ್ಮ ಹಣದಲ್ಲಿ ಎರಡೂವರೆ ಲಕ್ಷ ರೂಪಾಯಿಗಳಿಂದ ನಾಲ್ಕು ಲಕ್ಷಕ್ಕೂ ಮೇಲೆ. ದವಡೆ ಹಲ್ಲೊಂದರ ರೂಟ್ ಕೆನಾಲ್ ಚಿಕಿತ್ಸೆಗೇ ಸಾವಿರ ಡಾಲರಿಗೂ ಹೆಚ್ಚು. ನಮ್ಮ ನಗರಗಳಲ್ಲಿ ಆ ಇಂಪ್ಲಾಂಟು ಇಪ್ಪತ್ತೈದು ಸಾವಿರದಿಂದ ಐವತ್ತು ಸಾವಿರ ರೂಪಾಯಿಗಳಲ್ಲಿ, ರೂಟ್ ಕೆನಾಲ್ ಕೆಲವೇ ಸಾವಿರಗಳಲ್ಲಿ ಆಗುತ್ತದೆ. ಉದ್ಯೋಗದಾತರು ಕೊಡಿಸುವ ದಂತವಿಮೆಗೂ ಅಲ್ಲಿ ವರ್ಷಕ್ಕಿಷ್ಟೆಂಬ ಮಿತಿಯುಂಟು. ಒಂದು ದೊಡ್ಡ ಚಿಕಿತ್ಸೆಗೆ ಆ ಮಿತಿ ಸಾಲದು. 1965ರಲ್ಲಿ ಆ ದೇಶ ವೃದ್ಧರಿಗಾಗಿ ಮೆಡಿಕೇರ್ ಎಂಬ ಯೋಜನೆಯನ್ನು ತಂದಾಗಲೂ ಸಾಮಾನ್ಯ ದಂತಚಿಕಿತ್ಸೆಯನ್ನು ಹೊರಗಿಟ್ಟಿತು. ದೇಹದ ಉಳಿದ ಅಂಗಗಳೆಲ್ಲ ಒಂದು ಲೆಕ್ಕ, ಹಲ್ಲು ಬೇರೊಂದು ಲೆಕ್ಕ.

ಈ ಭೇದ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ದಂತಚಿಕಿತ್ಸೆಯೂ ಉಚಿತವಾಗಿತ್ತು. ವರ್ಷಗಟ್ಟಲೆ ನೋವು ನುಂಗಿಕೊಂಡಿದ್ದ ಜನ ಒಮ್ಮೆಲೇ ನುಗ್ಗಿದರು. ಬೊಕ್ಕಸ ತಾಳಲಾರದೆ ಸರ್ಕಾರ 1951ರಲ್ಲಿ ಕಟ್ಟುಹಲ್ಲಿಗೂ ಕನ್ನಡಕಕ್ಕೂ ಶುಲ್ಕ ವಿಧಿಸಲು ಹೊರಟಿತು. ಆ ಸೇವೆಯನ್ನು ಕಟ್ಟಿದ ಮಂತ್ರಿ ಅನೈರಿನ್ ಬೆವನ್ ಇದನ್ನು ಒಪ್ಪದೆ ಮಂತ್ರಿಪದವಿಯನ್ನೇ ಬಿಟ್ಟರು. ಮರುವರ್ಷ ಹಲ್ಲಿನ ಇತರ ಚಿಕಿತ್ಸೆಗೂ ಶುಲ್ಕ ಬಂದಿತು. 2025ರ ಏಪ್ರಿಲಿನಲ್ಲಿ ನಿಗದಿಯಾದಂತೆ ಕ್ಯಾಪು, ಕಟ್ಟುಹಲ್ಲು ಮೊದಲಾದ ದೊಡ್ಡ ಚಿಕಿತ್ಸೆಗೆ ಅಲ್ಲಿ 326 ಪೌಂಡು 70 ಪೆನ್ನಿ. ಆ ದರದಲ್ಲಿ ನೋಡುವ ವೈದ್ಯರ ಬಳಿ ಸರದಿ ದೊರೆಯುವುದೇ ಅನೇಕ ಊರುಗಳಲ್ಲಿ ಕಷ್ಟವೆಂದು ಅಲ್ಲಿರುವ ನಮ್ಮವರು ಹೇಳುತ್ತಾರೆ.

ಆದುದರಿಂದ ಜಗತ್ತಿನ ಸಿರಿವಂತ ದೇಶಗಳ ಜನ ಹಲ್ಲಿಗಾಗಿ ಗಡಿ ದಾಟುವುದು ವಾಡಿಕೆಯಾಗಿಬಿಟ್ಟಿದೆ. ಅಮೆರಿಕದ ಗಡಿಗೆ ಅಂಟಿದಂತಿರುವ ಮೆಕ್ಸಿಕೋದ ಲಾಸ್ ಆಲ್ಗೊಡೋನೆಸ್ ಎಂಬ ಪುಟ್ಟ ಊರಿನಲ್ಲಿ ನೂರಾರು ದಂತವೈದ್ಯರಿದ್ದಾರೆ. ಅದಕ್ಕೆ ದವಡೆ ಹಲ್ಲಿನ ಪಟ್ಟಣವೆಂದೇ ಅಡ್ಡಹೆಸರು. ಆಸ್ಟ್ರಿಯಾದವರು ಹಂಗೇರಿಗೆ ಹೋಗುತ್ತಾರೆ. ನಮ್ಮವರು ತೌರಿಗೆ ಬರುತ್ತಾರೆ. ಬಂಧುಗಳ ಮದುವೆ, ಕುಲದೇವರ ದರ್ಶನ, ಅದರ ನಡುವೆ ಹಲ್ಲು.

ತೌರಿನಲ್ಲಿ ಇದು ಅಗ್ಗವಾಗಿರುವುದಕ್ಕೆ ಕಾರಣಗಳುಂಟು. ಸಂಬಳ, ಬಾಡಿಗೆಗಳು ಕಡಿಮೆ ಎಂಬುದು ಎಲ್ಲರಿಗೂ ತಿಳಿದದ್ದೇ. ಅದಕ್ಕಿಂತ ಮುಖ್ಯವಾದುದು ದಂತವೈದ್ಯರ ಸಂಖ್ಯೆ. 1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತ ಮಹಾವಿದ್ಯಾಲಯ ಆರಂಭವಾಯಿತು. 1965ರಲ್ಲಿ ಮಣಿಪಾಲದಲ್ಲಿ ಇನ್ನೊಂದು. ಅನಂತರದ ಬೆಳವಣಿಗೆಯಲ್ಲಿ ನಮ್ಮ ಸಮಾಜದ ಸಂಸ್ಥೆಗಳ ಪಾಲು ದೊಡ್ಡದು. ದಾವಣಗೆರೆಯ ಬಾಪೂಜಿ ಸಂಸ್ಥೆ 1979ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1985ರಲ್ಲಿ, ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠ 1986ರಲ್ಲಿ ದಂತ ಮಹಾವಿದ್ಯಾಲಯಗಳನ್ನು ತೆರೆದವು. ಕಲಬುರಗಿ, ಬಾಗಲಕೋಟೆಗಳಲ್ಲಿಯೂ ಆದವು. ಇಂದು ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ಇವೆ. ಕೊಡಗಿನಲ್ಲಿಯೇ 1999ರಲ್ಲಿ ವಿರಾಜಪೇಟೆಯ ಮಗ್ಗುಲದಲ್ಲಿ ಕೊಡಗು ದಂತ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಅರಮೇರಿಯ ಕಳಂಚೇರಿ ಮಠಕ್ಕೆ ಹೋಗಿಬರುವ ಭಕ್ತರಿಗೆ ಅದು ಅಪರಿಚಿತ ಸ್ಥಳವೇನಲ್ಲ. ಸಂಪಾಜೆ ಘಾಟಿ ಇಳಿದರೆ ಸುಳ್ಯದಲ್ಲಿ ಇನ್ನೊಂದಿದೆ. ಕೊಡ್ಲಿಪೇಟೆ, ಶನಿವಾರಸಂತೆಯ ಕಡೆಯವರಿಗೆ ಹಾಸನದ್ದೂ ಉಂಟು. ಇಷ್ಟಿದ್ದೂ ಕೊಡಗಿನಲ್ಲಿ ಹಲ್ಲಿಲ್ಲದ ಹಿರಿಯರು ಮನೆಗೊಬ್ಬರಂತೆ ಕಾಣುತ್ತಾರೆಂಬುದು ನಮಗೆ ಸೋಜಿಗ.

ಅಗ್ಗವೆಂಬ ಮಾತನ್ನೂ ಸ್ವಲ್ಪ ತಡೆದು ಆಡಬೇಕು. ಡಾಲರಿನಲ್ಲಿ ದುಡಿಯುವವನಿಗೆ ನಲವತ್ತು ಸಾವಿರ ರೂಪಾಯಿ ಅಗ್ಗ. ಎರಡೆಕರೆ ಕಾಫಿ, ನಡುವೆ ಒಂದಿಷ್ಟು ಮೆಣಸು ಇಟ್ಟುಕೊಂಡು ಮಳೆಗೂ ಆನೆಗೂ ಅಂಜಿ ಬದುಕುವ ರೈತನಿಗೆ ಅದು ಗೊಬ್ಬರದ ಖರ್ಚು. ತೋಟದ ಲೈನುಮನೆಯಲ್ಲಿರುವ ಕೂಲಿಗೆ ಹಲವು ತಿಂಗಳ ದುಡಿಮೆ. ಇಂಪ್ಲಾಂಟಿನ ತಿರುಪು ಬಹುಪಾಲು ಹೊರದೇಶದಿಂದಲೇ ಬರುವುದರಿಂದ ಆ ಭಾಗದ ಬೆಲೆ ಇಲ್ಲಿಯೂ ಬಹಳ ಇಳಿಯುವುದಿಲ್ಲ. ನಮ್ಮಲ್ಲಿ ಮಾರುವ ಆರೋಗ್ಯ ವಿಮೆಯ ಪತ್ರಗಳಲ್ಲಿಯೂ ಅಪಘಾತದಿಂದಾದುದನ್ನು ಬಿಟ್ಟರೆ ಹಲ್ಲಿನ ಚಿಕಿತ್ಸೆಯನ್ನು ಸಾಮಾನ್ಯವಾಗಿ ಕೈಬಿಟ್ಟಿರುತ್ತಾರೆ. ಆ ಮಟ್ಟಿಗೆ ಅಮೆರಿಕದವನೂ ಸೋಮವಾರಪೇಟೆಯವನೂ ಸರಿಸಮಾನರು.

ಮತ್ತೆ ಆ ಮಗನ ವಿಷಯಕ್ಕೆ ಬರೋಣ. ಇಂಪ್ಲಾಂಟು ಎಂದರೆ ಟೈಟೇನಿಯಂ ಲೋಹದ ಒಂದು ಪುಟ್ಟ ತಿರುಪು. ಬೇರಿನ ಸ್ಥಾನದಲ್ಲಿ ಅದನ್ನು ದವಡೆಯ ಮೂಳೆಗೆ ಕೂರಿಸಿ, ಅದರ ಮೇಲೆ ಹಲ್ಲನ್ನು ಕಟ್ಟುತ್ತಾರೆ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರಲ್ಲಿ ಮೊಲದ ಮೂಳೆಯಲ್ಲಿ ಬೇರಾವುದನ್ನೋ ಪರೀಕ್ಷಿಸುತ್ತಿದ್ದಾಗ, ಒಳಗಿಟ್ಟ ಟೈಟೇನಿಯಂ ಕೊಳವೆಯನ್ನು ಮೂಳೆ ಬಿಡದೆ ಹಿಡಿದುಕೊಂಡಿರುವುದನ್ನು ಕಂಡರು. 1965ರಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಲೋಹವೊಂದನ್ನು ಮೂಳೆ ತನ್ನದೆಂದು ಒಪ್ಪಿಕೊಳ್ಳುವುದು ನಿಜವಾಗಿಯೂ ವಿಸ್ಮಯ. ಆದರೆ ಹಾಗೆ ಒಪ್ಪಿಕೊಳ್ಳಲು ಅದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಮೂಳೆ ಗಟ್ಟಿಯಾಗಿದ್ದು ಎಲ್ಲ ಅನುಕೂಲವಿರುವ ಕೆಲವರಿಗೆ ಕೂಡಲೇ ಹಲ್ಲು ಕಟ್ಟುವ ಕ್ರಮವೂ ಉಂಟು. ಅದಕ್ಕೆ ಯಾರು ತಕ್ಕವರೆಂದು ನಿರ್ಧರಿಸಬೇಕಾದುದು ವೈದ್ಯರ ತಪಾಸಣೆ, ವಿಮಾನದ ಟಿಕೇಟಲ್ಲ.

ಇಲ್ಲಿ ಟಿಕೇಟೇ ನಿರ್ಧರಿಸಿತು. ಹದಿನೆಂಟು ದಿನಗಳಲ್ಲಿ ತಿರುಪನ್ನೂ ಕೂರಿಸಿ ಕ್ಯಾಪನ್ನೂ ಹಾಕಿ ಕಳುಹಿಸಿದರು. ಜುಲೈ ತಿಂಗಳಿನಲ್ಲಿ ಎರಡರಲ್ಲೊಂದು ಅಲುಗಾಡತೊಡಗಿತು. ಅಲ್ಲಿಯ ವೈದ್ಯರು ನೋಡಿ, ಯಾವ ಕಂಪನಿಯ ತಿರುಪು, ಯಾವ ಅಳತೆ ಎಂದು ಕೇಳಿದರೆ ಇವರ ಬಳಿ ಇದ್ದುದು ಹಣ ಕೊಟ್ಟ ರಸೀದಿ ಮಾತ್ರ. ಬೇರೆಯವರು ಮಾಡಿದ ಕೆಲಸಕ್ಕೆ ಕೈ ಹಾಕಲು ಅವರಿಗೆ ಹಿಂಜರಿಕೆ. ಕಡೆಗೆ ಅದನ್ನು ತೆಗೆಸುವುದಕ್ಕೇ ಇಲ್ಲಿ ಕೊಟ್ಟ ಹಣದಷ್ಟನ್ನು ಅಲ್ಲಿ ತೆರಬೇಕಾಯಿತು. ಪುನಃ ಬಂದು ಹೋಗಲು ಲಕ್ಷ ರೂಪಾಯಿಯ ಆಸುಪಾಸು. ನಾವು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು. ಒಂದು ಹಲ್ಲಿಗಾಗಿಯೇ ವಿಮಾನ ಹತ್ತುವುದಾದರೆ, ಮತ್ತು ಅದಕ್ಕೆ ಎರಡು ಸಲ ಬರಬೇಕಾದುದರಿಂದ, ಉಳಿತಾಯವೆಂಬುದು ಬಹುತೇಕ ಆಕಾಶದಲ್ಲಿಯೇ ಕರಗುತ್ತದೆ. ಹೇಗೂ ಬರುವವರು, ಮೊದಲ ಸಲ ತಿರುಪು, ಮುಂದಿನ ವರ್ಷ ಬಂದಾಗ ಹಲ್ಲು ಎಂದು ತಾಳ್ಮೆಯಿಂದ ಮಾಡಿಸಿಕೊಂಡರೆ ಮಾತ್ರ ಅದು ಉಳಿತಾಯ.

ಹೀಗೆ ಬಂದು ಚಿಕಿತ್ಸೆ ಪಡೆಯುವ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಹೊರಡುವ ಮೊದಲೇ ಅಲ್ಲಿಯ ಎಕ್ಸ್‌ರೇಗಳನ್ನು ಇಲ್ಲಿಯ ವೈದ್ಯರಿಗೆ ಕಳುಹಿಸಿ, ಎಷ್ಟು ಸಲ, ಎಷ್ಟೆಷ್ಟು ದಿನಗಳ ಅಂತರದಲ್ಲಿ ಬರಬೇಕಾದೀತೆಂದು ಬರೆಸಿ ತರಿಸಿಕೊಳ್ಳಿ. ಬಂದಿಳಿದ ವಾರವೇ ಆರಂಭಿಸಿ, ಹೊರಡುವ ಮುನ್ನ ನಾಲ್ಕಾರು ದಿನ ಬಿಡುವಿರಲಿ. ತಿರುಪಿನ ಹೆಸರು, ಅಳತೆ, ತಂಡದ ಸಂಖ್ಯೆಗಳಿರುವ ಚೀಟಿಯನ್ನು ಕೇಳಿ ಪಡೆದು, ಪಾಸ್‌ಪೋರ್ಟನ್ನು ಕಾಪಾಡುವಂತೆ ಕಾಪಾಡಿ. ವೈದ್ಯಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪಿತ್ತಿದೆ. ಆದರೆ ಕಡಲಾಚೆಯಲ್ಲಿ ಕುಳಿತು ಇಲ್ಲಿ ವ್ಯಾಜ್ಯ ನಡೆಸುವ ವ್ಯವಧಾನ ಎಷ್ಟು ಜನರಿಗಿದ್ದೀತು!

ಇನ್ನು ತಾಯಿಯ ವಿಷಯ. ನಾವು ಈ ಲೇಖನವನ್ನು ಬರೆಯಲು ಹೊರಟದ್ದು ಮಗನಿಗಿಂತ ಹೆಚ್ಚಾಗಿ ಅವರಿಗಾಗಿ.

ಅವರು ಹಲ್ಲು ಕಳೆದುಕೊಂಡ ಬಗೆ ವಿಶೇಷವಾದುದೇನಲ್ಲ. ಮೊದಲು ದವಡೆ ಹಲ್ಲಿನಲ್ಲಿ ಒಂದು ಕಪ್ಪು ಚುಕ್ಕೆ. ಆಗ ಹುಳುಕನ್ನು ಕೆರೆದು ಸಿಮೆಂಟು ತುಂಬಿಸಿದ್ದರೆ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತಿತ್ತು. ನೋವಿರಲಿಲ್ಲವಾದುದರಿಂದ ಬಿಟ್ಟರು. ಹಲ್ಲಿನ ಹೊರಪದರದಲ್ಲಿ ನೋವಿನ ನರಗಳಿಲ್ಲ. ನೋವು ತೀವ್ರವಾಗುವುದು ಹುಳುಕು ಒಳಗಿನ ತಿರುಳನ್ನು ಮುಟ್ಟಿದಾಗ. ಆಗ ರೂಟ್ ಕೆನಾಲ್, ಅದರ ಮೇಲೊಂದು ಕ್ಯಾಪು, ಖರ್ಚು ಸಾವಿರಗಳಿಗೆ ಏರುತ್ತದೆ. ಲವಂಗದ ಎಣ್ಣೆ ಹಚ್ಚಿ ಅದನ್ನೂ ಮುಂದೂಡಿದರು. ಕಾಫಿ ಕೊಯ್ಲು ಮುಗಿಯಲಿ ಎಂದರು. ಕೊಯ್ಲು ಮುಗಿದ ಮೇಲೆ ಮಳೆ. ಮಳೆ ನಿಂತ ಮೇಲೆ ಮಗಳ ಬಾಣಂತನ. ಕಡೆಗೆ ಕೀಳಿಸುವುದೊಂದೇ ಉಳಿಯಿತು. ಒಂದು ಹೋದ ಮೇಲೆ ಪಕ್ಕದ್ದು ಆ ಜಾಗಕ್ಕೆ ವಾಲಿತು, ಮೇಲಿನದು ಕೆಳಗಿಳಿಯಿತು, ಸಂದಿನಲ್ಲಿ ಅನ್ನ ಸಿಕ್ಕಿ ವಸಡು ಕೊಳೆಯಿತು. ಜೊತೆಗೆ ಸಕ್ಕರೆ ಕಾಯಿಲೆ. ಅದು ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಹೆಚ್ಚುತ್ತದೆ, ವಸಡಿನ ರೋಗವಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಎಲೆಯಡಿಕೆಯ ಅಭ್ಯಾಸವೂ ಇತ್ತು. ಅಡಿಕೆಯೇ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ್ದನ್ನು, ಅಡಿಕೆ ಬೆಳೆಯುವ ಸೀಮೆಯವರಾದ ನಾವು ಕೇಳಿಸಿಕೊಳ್ಳಲು ಅಷ್ಟಾಗಿ ಇಷ್ಟಪಡುವುದಿಲ್ಲ.

ಅಂಜಿಕೆಯೂ ಇತ್ತು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂದು ಯಾರೋ ಹೇಳಿದ್ದರು. ಕಣ್ಣಿನ ದೃಷ್ಟಿಯ ನರವೇ ಬೇರೆ, ಹಲ್ಲಿಗೆ ಬರುವ ನರವೇ ಬೇರೆ. ಹಲ್ಲು ಕೀಳಿಸುವ ವಯಸ್ಸಿಗೇ ಕಣ್ಣಿನ ಪೊರೆಯೂ ಬರುವುದರಿಂದ ಈ ನಂಬಿಕೆ ಹುಟ್ಟಿರಬೇಕು. ಕಾಲೇಜಿಗೆ ಹೋದರೆ ಹುಡುಗರು ನಮ್ಮ ಬಾಯಲ್ಲಿ ಪಾಠ ಕಲಿಯುತ್ತಾರೆಂಬ ಇನ್ನೊಂದು ಮಾತು. ಕಲಿಯುತ್ತಾರೆ, ನಿಜ. ಆದರೆ ಮೊದಲೆರಡು ವರ್ಷ ಬೊಂಬೆಯ ದವಡೆಗಳ ಮೇಲೆ ಕೈಪಳಗಿಸಿಕೊಂಡು, ಮೂರನೆಯ ವರ್ಷದಿಂದ ರೋಗಿಗಳನ್ನು ನೋಡುತ್ತಾರೆ, ಅದೂ ಅಧ್ಯಾಪಕರ ಕಣ್ಗಾವಲಿನಲ್ಲಿ. ಅಲ್ಲಿ ತಗಲುವುದು ಸಮಯ ಹೆಚ್ಚು, ಹಣ ಕಡಿಮೆ. ಹದಿನೈದು ನಿಮಿಷದ ಕೆಲಸಕ್ಕೆ ಒಂದು ಗಂಟೆ ಬಾಯಿ ತೆರೆದಿರಬೇಕಾಗುವುದನ್ನು ನಾವೇ ಅನುಭವಿಸಿದ್ದೇವೆ. ಅಷ್ಟನ್ನು ಸಹಿಸಬೇಕು.

ಗೃಹಪ್ರವೇಶದ ಮರುವಾರ ಸೊಸೆ ತಾಯಿಯವರನ್ನು ಮೊದಲು ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಬರೆಸಿಕೊಂಡು ವಿರಾಜಪೇಟೆಗೆ ಕರೆದೊಯ್ದರು. ಸೋಮವಾರಪೇಟೆಯಿಂದ ಮಡಿಕೇರಿಗೆ ಸುಮಾರು 40 ಕಿ.ಮೀ., ಅಲ್ಲಿಂದ ವಿರಾಜಪೇಟೆಗೆ ಮತ್ತೆ 30. ಉಳಿದ ನಾಲ್ಕು ಹಲ್ಲುಗಳನ್ನು ತೆಗೆಸಿ, ವಸಡು ಮಾಗಲು ಕಾದು, ಮಳೆ ಹಿಡಿದ ಮೇಲೆ ಹಲ್ಲಿನ ಸೆಟ್ಟಿನ ಕೆಲಸ ಆರಂಭವಾಯಿತು. ಅದು ಒಂದು ದಿನದ ಕೆಲಸವಲ್ಲ. ಮೊದಲ ಸಲ ಅಚ್ಚು. ಎರಡನೆಯ ಸಲ ಇನ್ನೂ ಸೂಕ್ಷ್ಮವಾದ ಅಚ್ಚು. ಮೂರನೆಯ ಸಲ ಮೇಲುದವಡೆ ಕೆಳದವಡೆಗಳ ಅಂತರದ ಅಳತೆ. ನಾಲ್ಕನೆಯ ಸಲ ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವುದು. ಐದನೆಯ ಸಲ ಸೆಟ್ಟು ಕೈಗೆ. ಆಮೇಲೆ ಉಜ್ಜಿದ ಕಡೆ ತೇಯಿಸಿಕೊಳ್ಳಲು ಇನ್ನೆರಡು ಸಲ. ಪ್ರತಿ ಸಲವೂ ಬೆಳಗಿನ ಬಸ್ಸು, ತಿರುವುಗಳು, ವಾಕರಿಕೆಗೆಂದು ಸೆರಗಿನ ತುದಿಯಲ್ಲಿ ನಿಂಬೆಹಣ್ಣು, ಸಂಜೆಗೆ ಮನೆ. ಸೊಸೆಗೆ ಅಷ್ಟು ದಿನಗಳ ತೋಟದ ಕೆಲಸ ತಪ್ಪಿತು. ಆಸ್ಪತ್ರೆಗೆ ಕಟ್ಟಿದ ಹಣಕ್ಕಿಂತ ಇಬ್ಬರ ಪ್ರಯಾಣದ, ಊಟದ, ಕೆಲಸ ತಪ್ಪಿದ ಖರ್ಚೇ ಹೆಚ್ಚಾಯಿತೆಂದು ಅವರು ಹೇಳಿದರು. ಚಿಕಿತ್ಸೆಗಾಗಿ ದೂರ ಹೋಗುವುದೆಂದರೆ ವಿಮಾನವೇ ಏಕೆ ಬೇಕು?

ಬಡತನದ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಉಚಿತವಾಗಿ ಸೆಟ್ಟು ಕಟ್ಟಿಸಿಕೊಡಲು ರಾಜ್ಯ ಸರ್ಕಾರ 2014-15ರಲ್ಲಿ ದಂತಭಾಗ್ಯ ಎಂಬ ಯೋಜನೆಯನ್ನು ತಂದಿತು. ದಂತ ಕಾಲೇಜುಗಳನ್ನೂ ಅದರಲ್ಲಿ ಸೇರಿಸಿಕೊಂಡಿತು. ತಮ್ಮ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಲ್ಲಿ ಪಡಿತರ ಚೀಟಿಯೊಡನೆ ವಿಚಾರಿಸುವುದರಿಂದ ನಷ್ಟವಿಲ್ಲ. ಆದರೆ ಏಳು ಸಲ ಬಸ್ಸು ಹತ್ತಿಳಿಯುವ ಮುದಿ ಮಂಡಿಗಳಿಗೆ ಉಚಿತ ಸೆಟ್ಟಿಗಿಂತ ಜೊತೆಗೊಬ್ಬರು ಇರುವುದು ಹೆಚ್ಚು ಅಗತ್ಯ. ಮಠಗಳಲ್ಲಿ, ಸಮಾಜದ ಸಭಾಭವನಗಳಲ್ಲಿ ಆಗಾಗ ದಂತ ತಪಾಸಣಾ ಶಿಬಿರಗಳು ನಡೆಯುತ್ತವೆ. ಟೂತ್‌ಪೇಸ್ಟು ಹಂಚುತ್ತಾರೆ, ಫೋಟೋ ತೆಗೆಯುತ್ತಾರೆ, ಹುಳುಕಿದೆ ಎಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದವರನ್ನು ತಿಂಗಳಿಗೊಮ್ಮೆ ಒಂದು ವ್ಯಾನಿನಲ್ಲಿ ವಿರಾಜಪೇಟೆಗೋ ಹಾಸನಕ್ಕೋ ಕರೆದೊಯ್ದು ಕರೆತರುವ ಏರ್ಪಾಟನ್ನು ಯಾರಾದರೂ ಮಾಡಿದರೆ, ಅದನ್ನು ದಾಸೋಹವೆಂದು ಕರೆಯಲು ನಮಗೆ ಯಾವ ಅಳುಕೂ ಇಲ್ಲ. ಪ್ರಸಾದ ಉಣಬಡಿಸುವ ನಾವು ಅದನ್ನು ಜಗಿಯುವ ಬಾಯನ್ನೂ ನೋಡಬೇಕಲ್ಲವೇ?

ಕಡಲಾಚೆಗೆ ಮಕ್ಕಳ ಮನೆಗೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋಗುವ ತಂದೆತಾಯಿಗಳಿಗೂ ಒಂದು ಮಾತು. ಆರು ತಿಂಗಳಿಗೆಂದು ಹೋಗುವವರು ಚಟ್ನಿಪುಡಿ, ಸಾಂಬಾರುಪುಡಿ, ಮಾತ್ರೆ, ಔಷಧಿಗಳನ್ನೆಲ್ಲ ಕಟ್ಟಿಕೊಳ್ಳುತ್ತಾರೆ, ಬಾಯನ್ನು ಮಾತ್ರ ಮರೆಯುತ್ತಾರೆ. ಪ್ರವಾಸಿಗಳಿಗೆ ಕೊಡುವ ವಿಮೆಯಲ್ಲಿ ಹಠಾತ್ತಾಗಿ ಬಂದ ಹಲ್ಲುನೋವಿನ ಶಮನಕ್ಕೆ ಒಂದಿಷ್ಟು ಸಿಗಬಹುದೇ ಹೊರತು ಹಳೆಯ ಹುಳುಕಿಗೆ ಸಾಮಾನ್ಯವಾಗಿ ಸಿಗದು. ಹೊರಡುವ ಎರಡು ಮೂರು ತಿಂಗಳ ಮೊದಲೇ ಇಲ್ಲಿ ತೋರಿಸಿ, ತುಂಬಿಸಬೇಕಾದುದನ್ನು ತುಂಬಿಸಿ, ಕೀಳಿಸಬೇಕಾದುದನ್ನು ಕೀಳಿಸಿ ಹೋಗುವುದು ಲೇಸು. ಇಲ್ಲವಾದರೆ ಮಗನ ಒಂದು ತಿಂಗಳ ಸಂಬಳದ ದೊಡ್ಡ ಪಾಲು ನಮ್ಮ ಒಂದು ದವಡೆ ಹಲ್ಲಿಗೆ ಹೋದೀತು, ಮತ್ತು ನಾವು ಅದನ್ನು ಜನ್ಮವಿಡೀ ಹೇಳಿಕೊಂಡು ಕೊರಗಬೇಕಾದೀತು.

ದೀಪಾವಳಿಯ ಮೇಲೆ ಮತ್ತೆ ಆ ಮನೆಗೆ ಹೋಗಿದ್ದೆವು. ತಾಯಿಯವರ ಕೆನ್ನೆ ತುಂಬಿಕೊಂಡಿತ್ತು. ಸೆಟ್ಟು ಮೊದಲು ಬಹಳ ಕಾಡಿತಂತೆ. ಮಾತು ತೊದಲಿತು, ವಸಡು ಹುಣ್ಣಾಯಿತು, ಹದಿನೈದು ದಿನ ಅದನ್ನು ಬಟ್ಟಲಿನ ನೀರಿನಲ್ಲಿಯೇ ಬಿಟ್ಟಿದ್ದರಂತೆ. ಅಮೆರಿಕದಿಂದ ಮಗ ಫೋನಿನಲ್ಲಿ ಮುಖ ತೋರಿಸುವ ಭಾನುವಾರಗಳಂದು ಮಾತ್ರ ಹಾಕಿಕೊಳ್ಳುತ್ತಿದ್ದರು. ಮತ್ತೆರಡು ಸಲ ತೇಯಿಸಿದ ಮೇಲೆ ಅಭ್ಯಾಸವಾಯಿತು. ಈಗ ಅಕ್ಕಿರೊಟ್ಟಿ ತಿನ್ನುತ್ತಾರೆ. ಕೋಡುಬಳೆಗೆ ಇನ್ನೂ ಧೈರ್ಯ ಸಾಲದು, ಸೆಟ್ಟು ಮುರಿದೀತೆಂಬ ಭಯ.

ಮಗ ಬರುವ ಡಿಸೆಂಬರಿನಲ್ಲಿ ಬರುತ್ತಾರಂತೆ. ಈ ಸಲ ಐದು ವಾರ, ಅದೂ ಹಳೆಯ ಎಕ್ಸ್‌ರೇಗಳನ್ನು ಮುಂಚಿತವಾಗಿಯೇ ಕಳುಹಿಸಿದ್ದಾರೆ. ಸೊಸೆಗೆ ಈ ನಡುವೆ ಬಲದವಡೆಯಲ್ಲಿ ತಣ್ಣೀರು ಕುಡಿದರೆ ಜುಮ್ಮೆನ್ನತೊಡಗಿದೆ. ಕೊಯ್ಲು ಮುಗಿಯಲಿ ನೋಡೋಣ ಎಂದು ಆಕೆ ಹೇಳಿದಾಗ, ಒಳಗಿನಿಂದ ತಾಯಿಯವರು, "ಬರುವ ಮಂಗಳವಾರ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ, ಹೊರಡು" ಎಂದರು.